ಉಬ್ಬಿದ ಬಾಗಿಲು

ಆ ಊರಿನ ಹೆಸರು ಬೇಡ. ಹೇಳಿದರೆ ಅಲ್ಲಿಯವರಿಗೆ ಬೇಸರವಾಗುತ್ತದೆ. ಹೇಳದೆ ಬಿಟ್ಟರೆ ಉಳಿದ ಊರಿನವರು ಇದು ನಮ್ಮದೇ ಇರಬಹುದೇ ಎಂದು ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಯೋಚಿಸಲಿ, ಅದರಿಂದ ನಷ್ಟವೇನಿಲ್ಲ. ಹೊಳೆಯೊಂದು ಕಡಲು ಸೇರುವ ಮುಂಚೆ ಸೋಮಾರಿಯಾಗಿ ಒಂದು ಸುತ್ತು ಹಾಕುವ ಕಡೆ ಆ ಊರಿತ್ತು. ದಿಬ್ಬದ ಮೇಲೆ ಚರ್ಚು, ಚರ್ಚಿನ ಸುತ್ತ ಮೇಲಿನ ಕೇರಿ, ಹೊಳೆಯ ಅಂಚಿಗೆ ಕೆಳಗಿನ ಕೇರಿ. ಎರಡು ಕೇರಿಯವರೂ ಒಬ್ಬನೇ ಯೇಸುಸ್ವಾಮಿಯನ್ನು ನಂಬಿದವರು, ಒಂದೇ ಪ್ರಾರ್ಥನೆಯನ್ನು ಒಂದೇ ರಾಗದಲ್ಲಿ ಹೇಳುವವರು. ಆದರೆ ಒಂಬತ್ತು ವರ್ಷಗಳಿಂದ ಅವರು ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿದಿರಲಿಲ್ಲ.

ಆ ಊರಿಗೆ ಬರುತ್ತಿದ್ದ ಅತಿಥಿಗಳು ನಮ್ಮ ನಿಮ್ಮಂಥವರಲ್ಲ. ಉತ್ಸಾಹ ಬರುತ್ತಿತ್ತು, ದಯೆ ಬರುತ್ತಿತ್ತು, ತಾಳ್ಮೆ, ವಿನಯ, ಧೈರ್ಯ, ಎಲ್ಲರೂ ಕೈಕಾಲು ಮುಖ ಇರುವ ಮನುಷ್ಯರ ಹಾಗೆಯೇ ದೋಣಿಯಿಂದ ಇಳಿದು, ಗಂಟು ಹೊತ್ತುಕೊಂಡು ಬಂದು, ಇರಲು ಜಾಗ ಕೇಳುತ್ತಿದ್ದರು. ಯಾರು ಅಲ್ಲಿ ನೆಲೆಸುತ್ತಾರೋ ಊರಿನ ಬುದ್ಧಿ ಅವರ ಹಾಗೆಯೇ ಆಗುತ್ತಿತ್ತು. ತೊಂದರೆ ಎಂದರೆ, ಕೆಟ್ಟವರು ಯಾರೂ ತಮ್ಮ ಸ್ವಂತ ಹೆಸರು ಹೇಳಿಕೊಂಡು ಬರುತ್ತಿರಲಿಲ್ಲ. ಕೋಪ ಬಂದಾಗ ತನ್ನನ್ನು ಉತ್ಸಾಹ ಎಂದು ಪರಿಚಯ ಮಾಡಿಕೊಳ್ಳುತ್ತಿತ್ತು. ಜಂಬ ಬಂದು ದಯೆ ಎಂದು ಹೆಸರು ಬರೆಸುತ್ತಿತ್ತು. ಹಾಗಾಗಿ ಬಂದವರು ಮೊದಲು ತಬಿತಕ್ಕನ ಮನೆಯಲ್ಲಿ ಒಂದು ಹೊತ್ತಿನ ಗಂಜಿ ಉಣ್ಣಬೇಕು, ಅವಳು ಹೂಂ ಅಂದರೆ ಮಾತ್ರ ಊರೊಳಗೆ ಜಾಗ ಎಂದು ಪದ್ಧತಿಯಾಗಿತ್ತು.

ತಬಿತಕ್ಕ ಮೇಲಿನ ಕೇರಿಯ ಕೊನೆಯ ಮನೆಯವಳು. ಮದುವೆಯಾಗದೆ ಐವತ್ತು ದಾಟಿದವಳು, ಹೊಲಿಗೆಯಿಂದ ಹೊಟ್ಟೆ ಹೊರೆಯುವವಳು. ಬಂದ ಆತ್ಮ ಯಾವುದೆಂದು ತಿಳಿಯುವ ವರ ಅವಳಿಗೆ ಇಪ್ಪತ್ತರ ಪ್ರಾಯದಲ್ಲಿ ಬಂತು. ಅವಳು ಅದನ್ನು ಬೇಡಿಕೊಂಡವಳಲ್ಲ, ಯಾರಿಂದಲೂ ಕಲಿತವಳೂ ಅಲ್ಲ. ಯಾರಾದರೂ ಹೊಗಳಿದರೆ, "ಯಾಕೆ ಕೊಟ್ಟ ಅಂತ ಕೊಟ್ಟವನನ್ನೇ ಕೇಳಿ. ನನಗಿಂತ ಒಳ್ಳೆಯವರು ಊರಲ್ಲಿ ಬೇಕಾದಷ್ಟು ಇದ್ದರು" ಎನ್ನುತ್ತಿದ್ದಳು. ಅದು ವಿನಯದ ಮಾತು ಎಂದು ಜನ ತಿಳಿದಿದ್ದರು. ಅವಳು ನಿಜವನ್ನೇ ಹೇಳುತ್ತಿದ್ದಳು.

ಅತಿಥಿ ಎದುರಿಗೆ ಕೂತಿರುವಾಗ ಅವಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಗಂಜಿ ಬಡಿಸುತ್ತಿದ್ದಳು, ಉಪ್ಪಿನಕಾಯಿ ಹಾಕುತ್ತಿದ್ದಳು, ಅಷ್ಟೇ. ಅವರು ಉಂಡು ಹೋದ ಮೇಲೆ ಜಗಲಿಯಲ್ಲಿ ಕೈಕಟ್ಟಿ ಕೂರುತ್ತಿದ್ದಳು. ಬಂದು ಹೋದವರು ತನ್ನೊಳಗೆ ಏನನ್ನು ಬಿಟ್ಟು ಹೋಗಿದ್ದಾರೆ ಎಂದು ಕಾಯುತ್ತಿದ್ದಳು. ಎಷ್ಟೋ ಸಿಹಿಯಾಗಿ ಮಾತಾಡಿದವರು ಹೋದ ಮೇಲೆ ಅರ್ಧ ಗಂಟೆಯಲ್ಲಿ ಅವಳಿಗೆ ನೆರೆಮನೆಯವರ ಮೇಲೆ ಸಿಟ್ಟು ಬರುತ್ತಿತ್ತು. ಆಗ ಬಂದದ್ದು ಯಾರೆಂದು ತಿಳಿಯುತ್ತಿತ್ತು. ಒಮ್ಮೆ ಒಬ್ಬ ಮುದುಕ ದೋಣಿ ಇಳಿಯಲಿಕ್ಕೇ ಕಾಲು ಗಂಟೆ ತೆಗೆದುಕೊಂಡ, ಗಂಜಿ ಉಣ್ಣಲು ಮಧ್ಯಾಹ್ನದಿಂದ ಸಂಜೆ ಮಾಡಿದ. ಸೋಮಾರಿತನ ಬಂದಿದೆ, ಓಡಿಸಿ ಎಂದು ಊರೆಲ್ಲ ಗಲಾಟೆ. ತಬಿತಕ್ಕ ಜಗಲಿಯಿಂದ ಎದ್ದು ಬಂದು, "ಬಿಡಿ ಮಾರಾಯ್ರೆ, ಅದು ತಾಳ್ಮೆ" ಎಂದಳು. ಆ ವರ್ಷ ಊರಿನಲ್ಲಿ ಒಬ್ಬನೂ ಮಕ್ಕಳಿಗೆ ಹೊಡೆಯಲಿಲ್ಲ.

ಇಷ್ಟಾದರೆ ಸಾಕಿತ್ತು. ಆದರೆ ಎಲ್ಲದಕ್ಕೂ ನಿಯಮ ಬೇಕು ಎನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ, ಅಲ್ಲಿ ಎಲ್ಕಾನ ಹಿರಿಯರು ಇದ್ದರು. ಸಭೆಯ ಹಿರಿಯರು, ಊರಿನ ದಾಖಲೆ ಪುಸ್ತಕ ಬರೆಯುವವರು. ತಬಿತಕ್ಕ ನಾಳೆ ಕಣ್ಣು ಮುಚ್ಚಿದರೆ ಊರಿನ ಗತಿ ಏನು ಎಂಬ ಚಿಂತೆ ಅವರಿಗೆ. ಅವರು ಅವಳ ಅಡುಗೆಮನೆಯ ಮೂಲೆಯಲ್ಲಿ ಮಣೆ ಹಾಕಿಕೊಂಡು ಕೂತು, ಬಂದವರು ಹೇಗೆ ಉಣ್ಣುತ್ತಾರೆ, ಹೇಗೆ ಮಾತಾಡುತ್ತಾರೆ ಎಂದೆಲ್ಲ ಬರೆದುಕೊಂಡರು. ಅತಿಥಿ ಎದ್ದು ಹೋದ ಕೂಡಲೆ ಅವರೂ ಎದ್ದು ಹೋಗುತ್ತಿದ್ದರು. ಹೀಗೆ ಹದಿನಾಲ್ಕು ಲಕ್ಷಣಗಳ ಪಟ್ಟಿ ತಯಾರಾಯಿತು. ಒಳ್ಳೆಯ ಅತಿಥಿ ಕಾಲು ತೊಳೆದು ಒಳಗೆ ಬರುತ್ತಾನೆ, ದನಿ ಎತ್ತರಿಸುವುದಿಲ್ಲ, ಅಡುಗೆಯಲ್ಲಿ ಕೊರತೆ ಎಣಿಸುವುದಿಲ್ಲ, ಹೀಗೆ. ಪಟ್ಟಿಯನ್ನು ಹಲಗೆಯ ಮೇಲೆ ಬರೆಸಿ ಎಲ್ಲರಿಗೂ ಕಾಣಲಿ ಎಂದು ದೋಣಿ ನಿಲ್ಲುವಲ್ಲಿಯೇ ಮೊಳೆ ಹೊಡೆದು ನಿಲ್ಲಿಸಿದರು. ದೋಣಿಯಲ್ಲಿ ಬರುವವರೂ ಅದನ್ನು ಓದುತ್ತಾರೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಇನ್ನು ಕೇರಿಗಳು ಒಡೆದ ಕಥೆ. ಒಂಬತ್ತು ವರ್ಷದ ಹಿಂದೆ, ಒಂದು ಗುರುವಾರ ಮಧ್ಯಾಹ್ನ, ಹೊಳೆ ಕೆಳಗಿನ ಕೇರಿಗೆ ನುಗ್ಗಿತು. ಮೇಲಿನ ಕೇರಿಯವರು ಆ ಹೊತ್ತಿಗೆ ಚರ್ಚಿನಲ್ಲಿ ಮಳೆ ನಿಲ್ಲಲೆಂದು ಪ್ರಾರ್ಥಿಸುತ್ತಿದ್ದರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಕೆಳಗಿನವರು ಮಕ್ಕಳು ಮುದುಕರನ್ನು ಕರೆದುಕೊಂಡು ದಿಬ್ಬ ಹತ್ತಿ ಬಂದರೆ ಚರ್ಚಿನ ಬಾಗಿಲು ಹಾಕಿತ್ತು. ಎಷ್ಟು ಬಡಿದರೂ ತೆರೆಯಲಿಲ್ಲ. ಅವರು ಸ್ಮಶಾನದ ಬಳಿ ಹೆಣದ ಬಂಡಿ ನಿಲ್ಲಿಸುವ ಗೋಡೆಯಿಲ್ಲದ ಮಾಡಿನಡಿ ಸಂಜೆಯವರೆಗೆ ಮಳೆಯಲ್ಲಿ ನೆನೆಯುತ್ತ ನಿಂತರು. ತಬಿತಕ್ಕನ ತಂಗಿ ಸಲೋಮಿಯನ್ನು ಕೆಳಗಿನ ಕೇರಿಗೆ ಕೊಟ್ಟಿತ್ತು. ಅವಳ ನಲವತ್ತು ದಿನದ ಹೆಣ್ಣುಮಗು ಮೂರನೆಯ ದಿನ ಶೀತದಿಂದ ತೀರಿಕೊಂಡಿತು.

ಬಾಗಿಲಿನ ಮರ ಮಳೆಗೆ ನೆನೆದು ಉಬ್ಬಿಕೊಂಡಿತ್ತು, ಒಳಗಿನವರಿಗೆ ಬಡಿದದ್ದು ಕೇಳಿಸಲೇ ಇಲ್ಲ ಎಂದು ಮೇಲಿನ ಕೇರಿಯವರು ಹೇಳಿದರು. ಎಲ್ಕಾನ ಹಿರಿಯರು ಹಾಗೆಯೇ ಪುಸ್ತಕದಲ್ಲಿ ಬರೆದರು. ಕೆಳಗಿನವರು ನಂಬಲೂ ಇಲ್ಲ, ನಂಬದೆ ಇರಲೂ ಇಲ್ಲ. ತಮ್ಮದೇ ಒಂದು ಸೋಗೆಯ ಚಪ್ಪರ ಕಟ್ಟಿಕೊಂಡು ಅಲ್ಲಿ ಪ್ರಾರ್ಥನೆ ಮಾಡತೊಡಗಿದರು. ಮಾತುಕತೆ ನಿಂತಿತು. ಎರಡು ಕೇರಿಗಳ ನಡುವೆ ನಿಶ್ಚಯವಾಗಿದ್ದ ಏಳು ಮದುವೆಗಳು ನಿಂತೇ ಹೋದವು. ಸಲೋಮಿ ಒಂದೇ ಸಲ ಅಕ್ಕನ ಮನೆಗೆ ಬಂದು, "ಅಕ್ಕ, ನೀನು ಒಳಗೆ ಬಾಗಿಲ ಹತ್ತಿರವೇ ಕೂತಿದ್ದೆ ಅಂತೆ. ನಿನಗೆ ಕೇಳಿಸಲಿಲ್ಲವಾ?" ಎಂದು ಕೇಳಿದ್ದಳು. ತಬಿತಕ್ಕ "ಇಲ್ಲ" ಎಂದಳು. ಸಲೋಮಿ ಹೋದವಳು ಮತ್ತೆ ಆ ಮೆಟ್ಟಿಲು ತುಳಿಯಲಿಲ್ಲ.

ತಬಿತಕ್ಕನಿಗೆ ಕೇಳಿಸಿತ್ತು. ಮಳೆಯ ಆರ್ಭಟಕ್ಕೆ ಹೊರಗಿನವರ ಕೂಗು ಮುಚ್ಚಿ ಹೋದರೂ ಬಾಗಿಲಿಗೆ ಬೀಳುವ ಪೆಟ್ಟು ಅವಳ ಬೆನ್ನಿಗೇ ಬಿದ್ದ ಹಾಗಿತ್ತು. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದವರು ಅವಳತ್ತ ತಿರುಗಿ, "ತಬಿತಕ್ಕ, ಅದು ಎಂತ ಸದ್ದು? ನೀವೇ ಹೇಳಿ" ಎಂದು ಕೇಳಿದ್ದರು. ಕಿಟಕಿಯ ಸಂದಿನಿಂದ ಕೆಳಗಿನ ಕೇರಿಯೇ ಎದ್ದು ಬರುವುದು ಅವಳಿಗೆ ಕಂಡಿತ್ತು. ಇಷ್ಟು ಜನ ಒಳಗೆ ನುಗ್ಗಿದರೆ ಕಾಲ್ತುಳಿತಕ್ಕೆ ನಾವೇ ಸಾಯುತ್ತೇವೆ ಎಂದು ಅವಳಿಗೆ ಹೆದರಿಕೆಯಾಯಿತು. "ಹೊಳೆಯ ನೀರಿಗೆ ಮರದ ದಿಮ್ಮಿ ಬಡಿಯುವುದಿರಬೇಕು" ಎಂದಳು. ಯಾವ ಆತ್ಮ ಎಂಥದೆಂದು ಬಲ್ಲವಳು ಹೇಳಿದ ಮೇಲೆ ಮುಗಿಯಿತಲ್ಲ, ಎಲ್ಲರೂ ಕೀರ್ತನೆ ಮುಂದುವರಿಸಿದರು. ಹೊಳೆ ಅಷ್ಟು ಎತ್ತರಕ್ಕೆ ಬರುವುದಿಲ್ಲ ಎಂದು ಯಾರೂ ಯೋಚಿಸಲಿಲ್ಲ. ಹೊರಗೆ ನಿಂತು ಬಡಿದವಳು ತನ್ನ ತಂಗಿ ಎಂದು ತಬಿತಕ್ಕನಿಗೆ ಗೊತ್ತಾದದ್ದು ಮರುದಿನ.

ಆ ಸುಳ್ಳಿನ ಜೊತೆಗೆ ತನ್ನ ವರವೂ ಹೋಗುತ್ತದೆ ಎಂದು ಅವಳು ಕಾದಿದ್ದಳು. ಹೋಗಲಿ ಎಂದೇ ಆಸೆಪಟ್ಟಿದ್ದಳು. ಹೋಗಲಿಲ್ಲ. ಮುಂದಿನ ವಾರ ಬಂದ ಅತಿಥಿ ಉಂಡು ಎದ್ದ ಮೇಲೆ ಯಾವತ್ತಿನ ಹಾಗೆಯೇ ಅವಳಿಗೆ ಎಲ್ಲವೂ ತಿಳಿಯಿತು. ಕೊಟ್ಟವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳು ಆ ದಿನ ಜಗಲಿಯಲ್ಲಿ ಕೂತು, ಬೈಸಿಕೊಳ್ಳಲು ಸಿದ್ಧವಾಗಿ ಬಂದ ಮಗಳ ತಲೆಯನ್ನು ತಾಯಿ ಸವರಿದರೆ ಮಗಳು ಅಳುವ ಹಾಗೆ ಅತ್ತಳು. ಆದರೂ ಬಾಯಿ ಬಿಡಲಿಲ್ಲ. ಒಂಬತ್ತು ವರ್ಷ ಹೀಗೇ ಕಳೆಯಿತು.

ಒಂಬತ್ತನೆಯ ವರ್ಷದ ಒಂದು ಸೋಮವಾರ ದೋಣಿಯಿಂದ ಒಬ್ಬ ಅತಿಥಿ ಇಳಿದ. ಬಿಳಿ ಪಂಚೆ, ಬಿಳಿ ಅಂಗಿ, ನೋಡಿದರೆ ಕಣ್ಣು ತಂಪಾಗುವ ಮುಖ. ಹಲಗೆಯ ಮುಂದೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಎಲ್ಕಾನ ಹಿರಿಯರಿಗೆ ಕೈಮುಗಿದು, "ನನ್ನ ಹೆಸರು ಸಮಾಧಾನ" ಎಂದ. ಸುದ್ದಿ ಎರಡು ಕೇರಿಗೂ ಹಬ್ಬಿತು. ಏಳು ಮನೆಗಳಲ್ಲಿ ತಾಯಂದಿರು ಪೆಟ್ಟಿಗೆಯಿಂದ ಸೀರೆ ಹೊರಗೆ ತೆಗೆದು ಬಿಸಿಲಿಗೆ ಹಾಕಿದರು.

ಅವನು ಕಾಲು ತೊಳೆದು ತಬಿತಕ್ಕನ ಮನೆಯೊಳಗೆ ಬಂದ. ದನಿ ಎತ್ತರಿಸದೆ ಮಾತಾಡಿದ. ಗಂಜಿ ಅಮೃತದ ಹಾಗಿದೆ ಎಂದ.

"ಅಮ್ಮಾ, ನಾನು ಯಾರಿಂದಲೂ ಏನೂ ಕೇಳುವವನಲ್ಲ. ಬಾಗಿಲು ಉಬ್ಬಿತ್ತು. ಮರದ ಮೇಲೆ ಯಾರು ಸಿಟ್ಟು ಮಾಡ್ತಾರೆ ಹೇಳಿ? ಎರಡು ಕೇರಿಯವರೂ ಅದೊಂದು ಮಾತಿಗೆ ಒಪ್ಪಿ ಸಹಿ ಹಾಕಿದರೆ ಮುಗಿಯಿತು. ಬರುವ ಭಾನುವಾರ ನಿಮ್ಮ ತಂಗಿ ನಿಮ್ಮ ಪಕ್ಕದಲ್ಲಿ ಕೂತು ಊಟ ಮಾಡ್ತಾರೆ."

ತಬಿತಕ್ಕನ ಕೈಯಲ್ಲಿದ್ದ ಸೌಟು ನಿಂತಿತು. "ಅವಳು ಬರ್ತಾಳಾ?"

"ಯಾಕೆ ಬರುವುದಿಲ್ಲ? ನೀವು ಹೂಂ ಅಂದರೆ ಸಾಕು."

ಅವನು ಹೋದ ಮೇಲೆ ಅವಳು ಜಗಲಿಯಲ್ಲಿ ಕೂತಳು. ಎದೆ ಹಗುರವಾಗಿತ್ತು. ಭಾನುವಾರ ರಾತ್ರಿಯೂ ಸಲೋಮಿ ಉಳಿದರೆ ಮಾಡಲು ಸಿಗಡಿ ಹಾಕಿದ ಬಸಳೆ ಪದಾರ್ಥ, ಅವಳಿಗೆ ಇಷ್ಟ. ತೆಂಗಿನಕಾಯಿ ಎರಡು ಬೇಕು. ಅವಳ ಪಕ್ಕ ಚಾಪೆ ಹಾಸಿ ಮಲಗಿ ಮಾತಾಡಬೇಕು, ಯಾರ ವಿಷಯ ಮಾತಾಡಿದರೂ ಮಗುವಿನ ವಿಷಯ ಬೇಡ. ಮಗುವಿನ... ತಬಿತಕ್ಕನಿಗೆ ಮಗುವಿನ ಹೆಸರು ನೆನಪಾಗಲಿಲ್ಲ. ಒಂಬತ್ತು ವರ್ಷ ಪ್ರತಿದಿನ ಪ್ರಾರ್ಥನೆಯಲ್ಲಿ ಮೊದಲು ಹೇಳುತ್ತಿದ್ದ ಹೆಸರು. ನಾಲಗೆಯ ಮೇಲೆ ಇಲ್ಲ, ಮನಸ್ಸಿನಲ್ಲಿ ಇಲ್ಲ. ಅವಳು ಎದ್ದು ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದಳು. ಹೆಸರು ಬರಲೇ ಇಲ್ಲ. ಬಂದು ಹೋದವನು ಏನನ್ನು ಬಿಟ್ಟು ಹೋಗಿದ್ದಾನೆ ಎಂದು ಅವಳಿಗೆ ತಿಳಿಯಿತು.

ಬುಧವಾರ ಮತ್ತೊಬ್ಬಳು ಬಂದಳು. ದೋಣಿಯವನು ಮುದುಕಿಯೊಬ್ಬಳನ್ನು ಕೊನೆಗೆ ಇಳಿಸಿದ ಎಂದು ಅವನ ಜೊತೆ ಜಗಳ ಮಾಡಿಕೊಂಡೇ ದಡ ಹತ್ತಿದಳು. ಅವಳ ದನಿ ಆಚೆ ದಡದಲ್ಲಿ ಬಟ್ಟೆ ಒಗೆಯುವವರಿಗೂ ಕೇಳಿಸಿತು. ಕೆದರಿದ ಕೂದಲು, ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ. ಹಲಗೆಯನ್ನು ನೋಡದೆ ಅದಕ್ಕೆ ಕೊಡೆ ಒರಗಿಸಿ ಚಪ್ಪಲಿಯ ಮಣ್ಣು ಕೊಡವಿದಳು. ಹೆಸರೇನೆಂದು ಎಲ್ಕಾನ ಹಿರಿಯರು ಕೇಳಿದರೆ, "ಹೇಗೂ ನೀವೇ ಒಂದು ಇಡ್ತೀರಲ್ಲ, ಬರ್ಕೊಳ್ಳಿ" ಎಂದಳು. ಅವರು "ಜಗಳ" ಎಂದು ಬರೆದುಕೊಂಡರು.

ತಬಿತಕ್ಕನ ಮನೆಗೆ ಅವಳು ಕೆಸರುಕಾಲಲ್ಲೇ ನುಗ್ಗಿದಳು. ಎರಡು ಬಟ್ಟಲು ಗಂಜಿ ಹೀರಿ, "ಉಪ್ಪು ಕಡಿಮೆ" ಎಂದಳು. ಆಮೇಲೆ ಕೇಳಿದಳು, "ಆ ಮಗುವಿನ ಹೆಸರೆಂತ?"

"ಜೆಮೀಮ" ಎಂದಳು ತಬಿತಕ್ಕ. ಎರಡು ದಿನದಿಂದ ಹುಡುಕಿದ ಹೆಸರು ತಾನಾಗಿ ಬಾಯಿಗೆ ಬಂದಿತ್ತು.

"ಬಾಗಿಲು ಯಾಕೆ ತೆರೆಯಲಿಲ್ಲ?"

"ಮರ ಉಬ್ಬಿ..."

"ನಾನು ಮರದ ಸಂಗತಿ ಕೇಳಿದ್ದಲ್ಲ, ಮಾರಾಯ್ತಿ."

ತಬಿತಕ್ಕ ಖಾಲಿ ಬಟ್ಟಲು ಎತ್ತಿಟ್ಟಳು. ಬಂದವಳು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಹೊರಟುಹೋದಳು. ತಬಿತಕ್ಕ ಜಗಲಿಗೆ ಬಂದು ಕೂತ ಕೂಡಲೆ ಅಳು ಒತ್ತಿಕೊಂಡು ಬಂತು. ತಡೆಯಲಿಲ್ಲ. ಅತ್ತು ಅತ್ತು ಮುಗಿಯುವ ಹೊತ್ತಿಗೆ ಅವಳಿಗೊಂದು ವಿಷಯ ಗೊತ್ತಾಯಿತು: ಅಳುವಿನ ಅಡಿಯಲ್ಲಿ ಹೆದರಿಕೆ ಇರಲಿಲ್ಲ. ಹೊಳೆ ದಾಟುವಾಗ ಕಾಲಿಗೆ ಗಟ್ಟಿ ಮರಳು ಸಿಕ್ಕಿದ ಹಾಗೆ, ಕೆಳಗೆ ಯಾವುದೋ ಒಂದು ಅವಳ ಭಾರ ಹೊತ್ತು ನಿಂತಿತ್ತು. ಮೂವತ್ತು ವರ್ಷದಲ್ಲಿ ಎಷ್ಟೋ ಅತಿಥಿಗಳು ಬಂದು ಹೋಗಿದ್ದರು. ಇಂಥದನ್ನು ಬಿಟ್ಟು ಹೋದವರು ಯಾರೂ ಇರಲಿಲ್ಲ.

ಆ ವಾರವೆಲ್ಲ ಅವಳು ಒಂದೇ ಪ್ರಾರ್ಥನೆ ಮಾಡಿದಳು. "ಕೊಟ್ಟವನೇ, ಇದೊಂದು ಸಲ ನನಗೆ ತಪ್ಪು ತಿಳಿದಿರಲಿ. ಆ ಬಿಳಿ ಬಟ್ಟೆಯವನೇ ಸಮಾಧಾನ ಆಗಿರಲಿ. ನನಗೆ ನನ್ನ ತಂಗಿ ಬೇಕು." ಅದು ನಾಚಿಕೆಗೆಟ್ಟ ಪ್ರಾರ್ಥನೆ, ಆದರೆ ಸುಳ್ಳಿಲ್ಲದ್ದು. ಹೂಂ ಎಂದರೆ ಸಲೋಮಿ ಬಂದು ಪಕ್ಕದಲ್ಲಿ ಕೂರುತ್ತಾಳೆ. ನಿಜ ಹೇಳಿದರೆ ಸಲೋಮಿ ಇನ್ನೆಂದೂ ಮುಖ ನೋಡುವುದಿಲ್ಲ. ಶನಿವಾರ ಸಂಜೆಯವರೆಗೆ ಕಾದರೂ ಅವಳಿಗೆ ತಿಳಿದದ್ದು ಬದಲಾಗಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಎರಡು ಕೇರಿಯವರೂ ಸೇರಿದರು. ಒಂಬತ್ತು ವರ್ಷದಲ್ಲಿ ಇದೇ ಮೊದಲು. ಹಿಂಬದಿಯಲ್ಲಿ ಒಲೆ ಹೂಡಿ ಇನ್ನೂರು ಜನಕ್ಕೆ ಅಡುಗೆ ನಡೆದಿತ್ತು. ಮದುವೆ ನಿಂತುಹೋದ ಏಳು ಗಂಡು ಏಳು ಹೆಣ್ಣು, ಈಗ ಯಾರೂ ಅಷ್ಟೇನೂ ಚಿಕ್ಕವರಲ್ಲ, ಕದ್ದು ಕದ್ದು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಸಹಿಯ ಕಾಗದ ಮೇಜಿನ ಮೇಲಿತ್ತು. ಬಿಳಿ ಬಟ್ಟೆಯವನು ಕೈಕಟ್ಟಿ ಮುಗುಳ್ನಗುತ್ತ ನಿಂತಿದ್ದ. ಇನ್ನೊಬ್ಬಳು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಹದಿನಾಲ್ಕು ಲಕ್ಷಣಗಳಲ್ಲಿ ಅವಳಿಗೆ ಹೊಂದಿದ್ದು ಬಟ್ಟಲಲ್ಲಿ ಉಳಿಸದೆ ಉಣ್ಣುವುದು ಒಂದೇ. ಕೆಳಗಿನ ಕೇರಿಯ ಹೆಂಗಸರ ಸಾಲಿನ ಕೊನೆಯಲ್ಲಿ ಸಲೋಮಿ ಇದ್ದಾಳೆಂದು ತಬಿತಕ್ಕನಿಗೆ ಗೊತ್ತಿತ್ತು. ಅತ್ತ ನೋಡುವ ಧೈರ್ಯ ಅವಳಿಗಾಗಲಿಲ್ಲ.

"ಹೇಳಿ ತಬಿತಕ್ಕ" ಎಂದರು ಎಲ್ಕಾನ ಹಿರಿಯರು. "ಇವರನ್ನು ಒಳಗೆ ಸೇರಿಸಬಹುದಲ್ಲ?"

"ಹಿರಿಯರೇ, ಇವನ ಹೆಸರು ಸಮಾಧಾನ ಅಲ್ಲ. ಇವನು ಮರೆವು. ಸಮಾಧಾನ ಅಗೋ, ಮೆಟ್ಟಿಲ ಮೇಲೆ ಕೂತಿದ್ದಾಳೆ."

ಮೊದಲು ಯಾರೋ ಒಬ್ಬರು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಎರಡು ಕೇರಿಯ ನಗು ಒಟ್ಟಿಗೆ ಕೇಳಿ ಎಷ್ಟೋ ಕಾಲವಾಗಿತ್ತು. ತಬಿತಕ್ಕ ನಗು ಮುಗಿಯುವವರೆಗೆ ಕಾದಳು.

"ಆ ದಿನ ಬಾಗಿಲು ಉಬ್ಬಿರಲಿಲ್ಲ. ಅಗುಳಿ ಹಾಕಿತ್ತು. ಹಾಕಿದ್ದು ಯಾರು ಅಂತ ನಾನು ಹೇಳುವುದಿಲ್ಲ, ಅವರೇ ಹೇಳಲಿ. ಅದು ಎಂತ ಸದ್ದು ಅಂತ ಅವರು ನನ್ನನ್ನು ಕೇಳಿದರು. ಮನುಷ್ಯರ ಕೈ ಅಂತ ನನಗೆ ಗೊತ್ತಿತ್ತು. ಮರದ ದಿಮ್ಮಿ ಅಂತ ಹೇಳಿದೆ. ನನ್ನ ಮಾತು ನಂಬಿ ಇವರು ಬಾಗಿಲು ತೆಗೆಯಲಿಲ್ಲ. ನನ್ನ ತಂಗಿ ಕೇಳಿದಾಗಲೂ ಸುಳ್ಳು ಹೇಳಿದೆ."

ಎಲ್ಕಾನ ಹಿರಿಯರು ತಮ್ಮ ಚಪ್ಪಲಿಯನ್ನೇ ನೋಡತೊಡಗಿದರು. ಹಿಂಬದಿಯ ಒಲೆಯಲ್ಲಿ ಅನ್ನ ಕುದಿಯುತ್ತಿತ್ತು. ಈಗ ಕೆಳಗಿನ ಕೇರಿಯವರು ಮೇಲಿನವರ ಮೇಲೆ ಬೀಳುತ್ತಾರೆ ಎಂದು ತಬಿತಕ್ಕ ಕಣ್ಣು ಮುಚ್ಚಿಕೊಂಡಳು. ಆದರೆ ಕೆಳಗಿನ ಕೇರಿಯಿಂದ ಮೊದಲು ಬಂದ ಮಾತು ಬೇರೆಯೇ.

"ಇದನ್ನು ಇವತ್ತೇ ಹೇಳಬೇಕಿತ್ತಾ ನಿಮಗೆ? ಅನ್ನ ಬೇಯ್ತಾ ಉಂಟು!"

"ನನ್ನ ಮಗಳಿಗೆ ಇಪ್ಪತ್ತೊಂಬತ್ತು" ಎಂದಳು ಮತ್ತೊಬ್ಬಳು. "ನಿಮಗೆ ಮದುವೆ ಮಕ್ಕಳು ಇಲ್ಲ. ನಮ್ಮ ಕಷ್ಟ ನಿಮಗೆ ಹೇಗೆ ಗೊತ್ತಾಗಬೇಕು?"

"ಅವರಿಗೆ ಪ್ರಾಯವಾಯಿತು" ಎಂದರು ಮೇಲಿನ ಕೇರಿಯವರು. "ವರ ಯಾವಾಗಲೋ ಹೋಗಿರಬೇಕು. ನಾವೇ ಸುಮ್ಮನೆ ನಂಬಿಕೊಂಡು ಬಂದೆವು."

ಬಿಳಿ ಬಟ್ಟೆಯವನು ಎರಡೂ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದ. "ಬೇಡ, ಅವರನ್ನು ಬೈಯಬೇಡಿ. ತುಂಬ ದಣಿದಿದ್ದಾರೆ. ನಾಳೆಗೆ ಅವರಿಗೇ ಇದೆಲ್ಲ ನೆನಪಿರುವುದಿಲ್ಲ" ಎಂದ. ಎಂಥ ದೊಡ್ಡ ಮನಸ್ಸು ಎಂದು ಹೆಂಗಸರು ಕಣ್ಣೊರೆಸಿಕೊಂಡರು.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ತಬಿತಕ್ಕ ಇನ್ನು ಯಾವ ಅತಿಥಿಗೂ ಗಂಜಿ ಬಡಿಸಬಾರದು, ಹದಿನಾಲ್ಕು ಲಕ್ಷಣವೂ ಇರುವ ಬಿಳಿ ಬಟ್ಟೆಯವನೇ ಇನ್ನು ಮುಂದೆ ಬಂದವರನ್ನು ನೋಡಿಕೊಳ್ಳಲಿ, ಜಗಳವನ್ನು ಮುಂದಿನ ದೋಣಿಯಲ್ಲಿ ಕಳಿಸಬೇಕು ಎಂದು ತೀರ್ಮಾನವಾಯಿತು. ಪರವಾಗಿರುವವರು ಕೈ ಎತ್ತಿ ಎಂದರೆ ಮೇಲಿನ ಕೇರಿಯ ಕೈ ಯಾವುದು, ಕೆಳಗಿನ ಕೇರಿಯ ಕೈ ಯಾವುದು ಎಂದು ಗುರುತಿಸಲಾಗದಷ್ಟು ಕೈಗಳು ಒಟ್ಟಿಗೆ ಎದ್ದವು. ಸಹಿ ಹಾಕಲು ನೂಕುನುಗ್ಗಲಾಯಿತು. ಮೆಟ್ಟಿಲ ಮೇಲಿದ್ದವಳನ್ನು ಇಬ್ಬರು ಗಂಡಸರು ದೋಣಿಯ ಕಡೆಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಅವಳು ಎಲ್ಲಿಯೋ ತಪ್ಪಿಸಿಕೊಂಡಳು. ಊಟ ತಣ್ಣಗಾಗುತ್ತದೆ ಎಂದು ಅವರು ಹುಡುಕದೆ ತಿರುಗಿ ಬಂದರು.

ತಬಿತಕ್ಕ ಮನೆಗೆ ಬಂದು ಅಭ್ಯಾಸಬಲದಿಂದ ಜಗಲಿಯಲ್ಲಿ ಕೂತಳು. ದಿಬ್ಬದ ಮೇಲಿನಿಂದ ಎಲೆ ಹಾಕುವ ಗದ್ದಲ, ನಗು, ಯಾರೋ ಯಾರನ್ನೋ ಬೀಗರೇ ಎಂದು ಕರೆಯುವುದು ಕೇಳುತ್ತಿತ್ತು. ಅವಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ತಂಗಿಯನ್ನು ಎರಡನೆಯ ಸಲ ಕಳೆದುಕೊಂಡೆ ಎಂಬ ದುಃಖ ಮಾತ್ರ ಇತ್ತು. ಒಳಗೆ ಅಡುಗೆಮನೆಯಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದರು. ಎದ್ದು ಇಣುಕಿ ನೋಡಿದರೆ ಕೆಸರುಕಾಲಿನವಳು ತನ್ನ ಸ್ವಂತ ಮನೆಯಲ್ಲಿದ್ದಂತೆ ನೆಲದ ಮೇಲೆ ಮಲಗಿ ನಿದ್ದೆ ಹೋಗಿದ್ದಳು. ತಬಿತಕ್ಕ ಅವಳಿಗೆ ಒಂದು ಹೊದಿಕೆ ಹೊದೆಸಿ ಹೊರಗೆ ಬಂದಳು.

ಹೊರಗೆ ಅಂಗಳದಲ್ಲಿ ಸಲೋಮಿ ನಿಂತಿದ್ದಳು. ತಲೆಯ ಮುಂಭಾಗ ಪೂರ್ತಿ ನರೆತಿತ್ತು.

"ಅಕ್ಕ, ಅಲ್ಲಿ ಹೇಳಿದ್ದು ನಿಜವಾ?"

"ನಿಜ."

"ನಿನಗೆ ಕೇಳಿಸಿತ್ತಾ?"

"ಕೇಳಿಸಿತ್ತು, ಸಲೋಮಿ."

"ಎಷ್ಟು ಸಲ ಬಡಿದೆ ನಾನು?"

ತಬಿತಕ್ಕ ಯೋಚಿಸಬೇಕಾಗಿರಲಿಲ್ಲ. "ಹನ್ನೊಂದು. ಏಳು ಸಲ ಬಡಿದು ಸ್ವಲ್ಪ ನಿಲ್ಲಿಸಿದೆ. ಆಮೇಲೆ ನಾಲ್ಕು."

ಸಲೋಮಿ ಜಗಲಿಯ ಕಂಬ ಹಿಡಿದುಕೊಂಡು ನಿಧಾನವಾಗಿ ಕೂತಳು. ತಬಿತಕ್ಕನೂ ಪಕ್ಕದಲ್ಲಿ ಕೂತಳು.

"ಏಳಾದ ಮೇಲೆ ಮಗುವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದೆ" ಎಂದಳು ಸಲೋಮಿ. "ನಾನು ಒಂದೇ ಕೈಯಲ್ಲಿ ಬಡಿದದ್ದು ಅಕ್ಕ. ಇನ್ನೊಂದು ಕೈಯಲ್ಲಿ ಮಗು ಇತ್ತಲ್ಲ. ಎಲ್ಲರೂ ಒಳಗೆ ಕೇಳಿಸಲೇ ಇಲ್ಲ ಅಂತ ಹೇಳಿದರು. ಹಾಗಾದರೆ ನಾನು ಗಟ್ಟಿಯಾಗಿ ಬಡಿಯಲಿಲ್ಲ ಅಂತಲೇ ಆಯಿತಲ್ಲ. ಮಗುವನ್ನು ಒಂದು ಗಳಿಗೆ ಮೆಟ್ಟಿಲ ಮೇಲೆ ಮಲಗಿಸಿ ಎರಡೂ ಕೈಯಲ್ಲಿ ಬಡಿದಿದ್ದರೆ, ಕೇಳಿಸ್ತಿತ್ತೋ ಏನೋ, ಮಗು ಉಳೀತಿತ್ತೋ ಏನೋ. ಒಂಬತ್ತು ವರ್ಷ ಅದೇ ಯೋಚನೆ ಅಕ್ಕ. ನನ್ನ ಕೈಯನ್ನು ನೋಡಿದರೆ ನನಗಾಗುವುದಿಲ್ಲ."

ತಬಿತಕ್ಕ ತಂಗಿಯ ಕೈ ಹಿಡಿಯಲು ಹೋದವಳು ತನಗೆ ಆ ಹಕ್ಕಿಲ್ಲವೆಂದು ಹಿಂದಕ್ಕೆ ತೆಗೆದುಕೊಂಡಳು.

"ಮೊದಲನೇ ಸಲ ಬಡಿದದ್ದೇ ಕೇಳಿಸಿತ್ತು" ಎಂದಳು. "ಒಂದು ಕೈ ಸಾಕಾಗಿತ್ತು. ನೀನು ಬೇಕಾದಷ್ಟು ಗಟ್ಟಿಯಾಗಿ ಬಡಿದಿದ್ದೆ. ತಪ್ಪು ನಿನ್ನ ಕೈಯದ್ದಲ್ಲ ಸಲೋಮಿ, ನನ್ನ ಬಾಯಿಯದ್ದು."

ಸಲೋಮಿ ತನ್ನ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಅವಳ ಮುಖ ಮೊದಲು ಗಟ್ಟಿಯಾಯಿತು, ಆಮೇಲೆ ಒಡೆಯಿತು. ಮಗು ಸತ್ತಾಗಲೂ ಹಾಗೆ ಅತ್ತಿರಲಿಲ್ಲವೋ ಏನೋ.

"ನಿನ್ನನ್ನು ಕ್ಷಮಿಸಿದೆ ಅಂತ ಹೇಳಲಿಕ್ಕೆ ಬಂದದ್ದಲ್ಲ ನಾನು" ಎಂದಳು ಅಳುವಿನ ನಡುವೆ.

"ಗೊತ್ತುಂಟು."

"ಇನ್ನೊಂದು ಸಲ ಹೇಳು."

"ಮೊದಲನೇ ಸಲವೇ ಕೇಳಿಸಿತ್ತು" ಎಂದಳು ತಬಿತಕ್ಕ. ಸಲೋಮಿ ತಲೆಯನ್ನು ಅಕ್ಕನ ಮೊಣಕಾಲಿಗೆ ಒರಗಿಸಿದಳು. ಕತ್ತಲಾಗುವವರೆಗೆ ಅವಳು ಅದನ್ನೇ ಮತ್ತೆ ಮತ್ತೆ ಕೇಳಿದಳು, ತಬಿತಕ್ಕ ಅದನ್ನೇ ಮತ್ತೆ ಮತ್ತೆ ಹೇಳಿದಳು.

ದಿಬ್ಬದ ಮೇಲೆ ಊಟ ಮುಗಿಸಿ, ವೀಳ್ಯ ಹಾಕಿಕೊಂಡು, ಎಲ್ಕಾನ ಹಿರಿಯರು ದಾಖಲೆ ಪುಸ್ತಕ ತೆರೆದರು. ಸಹಿಗಳನ್ನೆಲ್ಲ ಒಮ್ಮೆ ನೋಡಿ, ಎರಡು ಸಹಿ ಇಲ್ಲದ್ದನ್ನು ಗಮನಿಸಿ, ದುಂಡಗಿನ ಅಕ್ಷರದಲ್ಲಿ ಬರೆದರು: "ಈ ದಿನ ನಮ್ಮ ಊರಿಗೆ ಸಮಾಧಾನ ಬಂತು. ಅಕ್ಕ ತಂಗಿಯರಿಬ್ಬರನ್ನು ಬಿಟ್ಟು ಉಳಿದವರೆಲ್ಲರೂ ಅದನ್ನು ಸ್ವೀಕರಿಸಿದರು."